ಅಡ್ಮಿಷನ್‌ಗೆ ಹೋದ ಇಂಗ್ಲಿಷ್ ಮೇಷ್ಟ್ರು

ಒಂದು ಗುಟ್ಟು ಹೇಳಿಬಿಡುತ್ತೇನೆ, ನಮ್ಮ ಹೆಡ್‌ಮಾಸ್ತರರ ಕಿವಿಗೆ ಮಾತ್ರ ಹಾಕಬೇಡಿ. ನಾನು ಹದಿನೆಂಟು ವರ್ಷದಿಂದ ಇಂಗ್ಲಿಷ್ ಮೇಷ್ಟ್ರು. ಆದರೆ ಇಂದಿನವರೆಗೆ ಯಾರೊಡನೆಯೂ ಇಂಗ್ಲಿಷಿನಲ್ಲಿ ಮಾತಾಡಿದವನಲ್ಲ. ಅದರ ಅಗತ್ಯವೇ ಬಿದ್ದಿಲ್ಲ. ಬಂಡಳ್ಳಿ ಕಡೆಯ ನಮ್ಮ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷನ್ನು ಕನ್ನಡದಲ್ಲೇ ಕಲಿಸುವುದು ಪದ್ಧತಿ. ನಾನು ಒಂದು ಸಾಲು ಓದುತ್ತೇನೆ, ಹತ್ತು ನಿಮಿಷ ಕನ್ನಡದಲ್ಲಿ ಅರ್ಥ ಹೇಳುತ್ತೇನೆ, "ತಿಳೀತೇನ್ರೋ?" ಅನ್ನುತ್ತೇನೆ. "ಊ ಸಾ" ಎಂದು ಇಡೀ ತರಗತಿ ರಾಗ ಎಳೆಯುತ್ತದೆ. ಆಮೇಲೆ ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆದುಕೊಟ್ಟರೆ ಉರು ಹೊಡೆಯುವುದು ಅವರ ಪಾಡು. ಹಾಗಂತ ನನ್ನ ಜಂಬಕ್ಕೇನೂ ಕಡಿಮೆಯಿಲ್ಲ. ಯಾವನಾದರೂ ಬಾಯಿ ತೆರೆದು ಒಂದು ತಪ್ಪು ಉಚ್ಚಾರ ಮಾಡಲಿ, ಬೆಂಚಿನ ಮೇಲೆ ಹತ್ತಿಸಿ ಮಾನ ಕಳೆಯುತ್ತೇನೆ. ಮರುದಿನದಿಂದ ಅವನು ಬಾಯಿಯೇ ತೆರೆಯುವುದಿಲ್ಲ. ಇದಕ್ಕೆ ನಾನು ಶಿಸ್ತು ಎಂದು ಹೆಸರಿಟ್ಟಿದ್ದೇನೆ.

ಹೀಗೆ ಸುಖವಾಗಿದ್ದವನಿಗೆ ಮಗಳು ಸಿಂಚನಾಳ ಒಂದನೇ ತರಗತಿ ವಕ್ಕರಿಸಿತು. ಪ್ರತಿ ಬೇಸಿಗೆ ರಜೆ ಮುಗಿಯುತ್ತಲೇ ಮನೆಮನೆಗೆ ಹೋಗಿ, "ಸರ್ಕಾರಿ ಶಾಲೆಗೇ ಸೇರ್ಸಿ" ಎಂದು ಭಾಷಣ ಬಿಗಿಯುವವನು ನಾನೇ. ಆದರೆ ಭಾಷಣವೇ ಬೇರೆ, ಮಗಳೇ ಬೇರೆ. ಕೊಳ್ಳೇಗಾಲದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಅರ್ಜಿ ಹಾಕಿದೆ. ಅಲ್ಲಿ ಮಗುವಿಗಿಂತ ಮೊದಲು ಅಪ್ಪ ಅಮ್ಮನಿಗೆ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ. ಅದರಲ್ಲಿ ನಪಾಸಾದರೆ ಸೀಟಿಲ್ಲ.

ನನಗಿದ್ದ ಭಯ ನನ್ನದಲ್ಲ, ನನ್ನ ಹೆಂಡತಿಯದು. ಮಹದೇವಿ ಅಜ್ಜೀಪುರದವಳು, ಪಿಯುಸಿಗೇ ಓದು ಬಿಟ್ಟವಳು. ಮನೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ, ಫೋನಿನಲ್ಲಿ ಇಂಗ್ಲಿಷ್ ವಿಡಿಯೊ ಹಾಕಿಕೊಂಡು, ಅದರೊಂದಿಗೆ ಗಟ್ಟಿಯಾಗಿ ಜಗಳವಾಡುತ್ತಾಳೆ. ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪಿನ ಹೆಂಗಸರು ಬಟ್ಟೆ ಹೊಲಿಸಲು ಬಂದರಂತೂ ಮುಗಿಯಿತು. ಅವರು ಚೆಂದದ ಕನ್ನಡ ಮಾತಾಡಿದರೂ ಇವಳು ಇಂಗ್ಲಿಷ್ ಬಿಡುವುದಿಲ್ಲ. ಇಂಟರ್‌ವ್ಯೂಗೆ ಹೊರಡುವಾಗಲೇ ಎಚ್ಚರಿಸಿದೆ: "ಅಲ್ಲಿ ನೀನು ಬಾಯಿ ಬಿಡಬೇಡ. ಸುಮ್ನೆ ನಗ್ತಾ ಕೂತಿರು."

"ಯಾಕ್ರಿ? ನಂಗೂ ಒಸಿ ಬತ್ತದೆ ಕಣ್ರಿ."

"ಅದೇ ತೊಂದರೆ ಆಗಿರೋದು."

ನಾನು ವಾರವಿಡೀ ನಮ್ಮ ಹುಡುಗರ ಹಾಗೆಯೇ ಇಪ್ಪತ್ತು ಉತ್ತರ ಉರು ಹೊಡೆದಿದ್ದೆ. ಆದರೆ ಆ ಹೆಡ್‌ಮಿಸ್ಟ್ರೆಸ್ ಮಹಾತಾಯಿ ಇಪ್ಪತ್ತೊಂದನೆಯದನ್ನು ಕೇಳಿದರು. ನಿಮ್ಮ ಮಗಳಿಗೆ ಏನು ಇಷ್ಟ ಎಂದು, ಇಂಗ್ಲಿಷಿನಲ್ಲಿ. ತಲೆಯೊಳಗೇ ಒಂದು ವಾಕ್ಯ ಕಟ್ಟಿದೆ, ಸರಿಯಿಲ್ಲವೆನಿಸಿ ಕೆಡವಿದೆ. ಮತ್ತೊಂದು ಕಟ್ಟಿದೆ, ಅದನ್ನೂ ಕೆಡವಿದೆ. ಕೊನೆಗೆ ನನ್ನ ಹದಿನೆಂಟು ವರ್ಷದ ವಿದ್ವತ್ತೆಲ್ಲ ಸೇರಿ ಹೊರಬಂದದ್ದು ಇಷ್ಟೇ: "ಎಸ್ ಮೇಡಂ."

ಅವರು ಇನ್ನೂ ಒಂದು ಕ್ಷಣ ಕಾದರು. ಆಮೇಲೆ ನಮ್ಮ ಅರ್ಜಿಯನ್ನು ಮಡಚಿ ಪಕ್ಕಕ್ಕಿಡಲು ಹೊರಟರು. ಮಗಳ ಸೀಟು ನನ್ನ ಕಣ್ಣೆದುರೇ ಹೋಯಿತಲ್ಲಪ್ಪಾ ಅಂದುಕೊಂಡೆ.

"ಮೇಡಂ, ಮೇಡಂ, ವೆಯ್ಟ್!" ಎಂದು ಮಹದೇವಿ ಮುಂದಕ್ಕೆ ಬಾಗಿದಳು. "ಮೈ ಡಾಟರ್ ಲೈಕಿಂಗ್ ಗೋಟ್. ಡೇಲಿ ಗೋಟ್ ಬ್ಯಾಕ್ ರನ್ನಿಂಗ್. ಐ ಶೋ ಬುಕ್, ಅಯ್ಯೋ, ಫುಲ್ ಸ್ಲೀಪಿಂಗ್!"

ನಾನು ಮೇಜಿನಡಿಯಲ್ಲಿ ಅವಳ ಕಾಲು ತುಳಿದೆ. ಅವಳು ತಿರುಗಿ ತುಳಿದಳು, ಮಿಷನ್ ತುಳಿದು ಪಳಗಿದ ಕಾಲು. ಹೆಡ್‌ಮಿಸ್ಟ್ರೆಸ್ ಮಾತ್ರ ಗೊಳ್ಳನೆ ನಕ್ಕು ಅರ್ಜಿಯನ್ನು ಮತ್ತೆ ಬಿಡಿಸಿದರು. ಇಬ್ಬರೂ ಮೇಕೆಯ ಬಗ್ಗೆ, ಮಗಳ ಹಟದ ಬಗ್ಗೆ ಐದು ನಿಮಿಷ ಹರಟಿದರು. ನಾನು ನಗುತ್ತಾ ಕೂತಿದ್ದೆ.

ಆಮೇಲೆ ಅವರ ಕಣ್ಣು ಅರ್ಜಿಯಲ್ಲಿ ನನ್ನ ಉದ್ಯೋಗದ ಮೇಲೆ ಬಿತ್ತು. ಇಂಗ್ಲಿಷ್ ಟೀಚರಾ ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮತ್ತೆ ನಿಮ್ಮ ಸರ್ಕಾರಿ ಶಾಲೆಗೇ ಯಾಕೆ ಸೇರಿಸಲಿಲ್ಲ ಎಂದು ಕೇಳಿದರು. ನಾನು ವಾಕ್ಯ ಕಟ್ಟತೊಡಗಿದೆ. ಮಹದೇವಿಗೆ ಅಷ್ಟೆಲ್ಲ ಕಾಯುವ ವ್ಯವಧಾನವೆಲ್ಲಿ?

"ದಟ್ ಸ್ಕೂಲ್ ಮೈ ಅಸ್ಬೆಂಡ್ ಟೀಚಿಂಗ್ ಇಂಗ್ಲಿಸ್, ಮೇಡಂ. ಸೋ ವಿ ಕಮಿಂಗ್ ದಿಸ್ ಸ್ಕೂಲ್."

ಸೀಟು ಸಿಕ್ಕಿತು. ಎಷ್ಟಾದರೂ ಮೇಷ್ಟ್ರಲ್ಲವೇ, ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಆ ಮಾತಿನಲ್ಲಿದ್ದ ತಪ್ಪುಗಳನ್ನು ಎಣಿಸಿದೆ. ಭಾಷೆಯಲ್ಲಿ ಬೇಕಾದಷ್ಟಿದ್ದವು, ವಿಷಯದಲ್ಲಿ ಮಾತ್ರ ಒಂದೂ ಸಿಗಲಿಲ್ಲ.