ಆಷಾಢದ ರಿಯಾಯಿತಿ ಮತ್ತು ಒಂದು ಪ್ಲೇಟ್ ಮೆಣಸಿನಕಾಯಿ

ಸರ್ವೆ ಇಲಾಖೆಯಲ್ಲಿದ್ದಷ್ಟು ದಿನ ನನಗೆ ಸಿಟ್ಟು ಅಂತ ಬಂದದ್ದೇ ಇಲ್ಲ. ಶಿವನಿ ಕಡೆ ಹೊಲ ಅಳೆಯಲು ಹೋದರೆ ಅಣ್ಣ ಈ ಬದುವಿನ ಮೇಲೆ, ತಮ್ಮ ಆ ಬದುವಿನ ಮೇಲೆ ಕುಡುಗೋಲು ಹಿಡಿದು ನಿಂತಿರುತ್ತಿದ್ದರು. ನಾನು ನಡುವೆ ಚೈನು ಎಳೆದುಕೊಂಡು, "ಸ್ವಲ್ಪ ಕಾಲು ತೆಗೀರಿ ಸ್ವಾಮಿ" ಅನ್ನುತ್ತಿದ್ದೆ, ಅಷ್ಟೇ. ನಿವೃತ್ತನಾದೆ ನೋಡಿ, ಅಷ್ಟೂ ವರ್ಷ ಬಾರದ ಸಿಟ್ಟು ಒಟ್ಟಿಗೇ ಬಂದು ಮನೆಯಲ್ಲಿ ಕೂತುಬಿಟ್ಟಿದೆ. ವಾರಕ್ಕೊಮ್ಮೆಯಾದರೂ ಏನಾದರೊಂದು ಆಗುತ್ತದೆ, ನಾನು ಕೂಗಾಡುತ್ತೇನೆ, ನೋಡಿದವರು ನಗುತ್ತಾರೆ. ಹೋದ ಆಷಾಢದ ಕೊನೆಯ ಶನಿವಾರ, ಭಾನುವಾರ ಆದದ್ದನ್ನು ಹೇಳುತ್ತೇನೆ. ನೀವೂ ನಕ್ಕುಬಿಡಿ, ನನಗೇನು!

ಒಪ್ಪಂದ

ನಮ್ಮ ಅಜ್ಜಂಪುರದ ಬಸ್ ಸ್ಟ್ಯಾಂಡ್ ಹತ್ತಿರ ಸಂಜೆ ಹೊತ್ತು ಒಬ್ಬ ಗಾಡಿ ಹಾಕುತ್ತಾನೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಎರಡೇ. ಈರುಳ್ಳಿ, ಕೊತ್ತಂಬರಿ, ಹುರಿಗಡಲೆ ಪುಡಿ ಹಾಕಿ ಕಲಸಿದ ಮಂಡಕ್ಕಿ, ಪಕ್ಕದಲ್ಲಿ ಆಗತಾನೆ ಬಾಣಲೆಯಿಂದ ಎದ್ದ ಮೂರು ಮೆಣಸಿನಕಾಯಿ. ಏಳು ಗಂಟೆಗೆಲ್ಲ ಖಾಲಿ. ಡಾಕ್ಟರು ನನಗೆ ಎಣ್ಣೆ, ಸಿಹಿ ಎರಡೂ ಬಿಡಿ ಅಂದ ದಿನದಿಂದ ನಾನು ಆ ದಾರಿಯಲ್ಲಿ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದೇನೆ. ಡಾಕ್ಟರು ಹೇಳಿದ್ದು ಒಂದು ಸಲ. ನಮ್ಮನೆಯವಳು ಹೇಳುವುದು ದಿನಕ್ಕೆ ಹತ್ತು ಸಲ.

ಬರುವ ವಾರದಿಂದ ಶ್ರಾವಣ. ಶ್ರಾವಣ ಪೂರ್ತಿ ನಮ್ಮ ಮನೆಯಲ್ಲಿ ಹೊರಗಿನ ತಿಂಡಿ ಮುಟ್ಟುವ ಹಾಗಿಲ್ಲ. ಮುಟ್ಟಬೇಕಾದರೆ ಈ ಭಾನುವಾರವೇ ಕೊನೆ. ಅಂಗಡಿಗಳ ಆಷಾಢದ ರಿಯಾಯಿತಿಗೂ ಅದೇ ಕೊನೆಯ ಭಾನುವಾರ. ಅವಳಿಗೆ ಅದರ ಚಿಂತೆ, ನನಗೆ ಇದರ ಚಿಂತೆ.

"ಎರಡು ದಿನ ಕಡೂರು, ತರೀಕೆರೆ ಸುತ್ತಬೇಕು. ಗೊಣಗದೆ ಬ್ಯಾಗು ಹೊತ್ತು, ನಡುವೆ ಕದ್ದು ಎಣ್ಣೆ ತಿಂಡಿ ತಿನ್ನದಿದ್ದರೆ ಭಾನುವಾರ ಸಂಜೆ ಒಂದು ಪ್ಲೇಟ್ ಮೆಣಸಿನಕಾಯಿ," ಅಂದಳು.

"ಪೂರ್ತಿ ಪ್ಲೇಟು?"

"ಪೂರ್ತಿ."

ನಲವತ್ತು ವರ್ಷದ ಸಂಸಾರದಲ್ಲಿ ಅಷ್ಟು ಬೇಗ ನಾನು ಯಾವುದಕ್ಕೂ ಒಪ್ಪಿದವನಲ್ಲ. ಷರತ್ತುಗಳನ್ನು ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಕಡೂರಿನ ಹಳೇ ದಾಖಲೆ

ಶನಿವಾರ ಕಡೂರಿನ ಒಂದು ಬಟ್ಟೆ ಅಂಗಡಿ. ಹೊರಗೆ ಅರ್ಧಕ್ಕರ್ಧ ರಿಯಾಯಿತಿ ಎಂದು ಆಳುದ್ದದ ಬ್ಯಾನರು. ಒಳಗೆ ಕಾಲಿಡಲು ಜಾಗವಿಲ್ಲ. ಗೌರಿ ಹಬ್ಬಕ್ಕೆ ತಂಗಿಗೆ ಕೊಡಲು ಇವಳು ಒಂದು ಸೀರೆ ಆರಿಸಿದಳು. ಚೀಟಿಯ ಮೇಲೆ ಸಾವಿರದ ಎಂಟುನೂರು, ಅದಕ್ಕೆ ಗೀಟು ಹೊಡೆದು ಒಂಬೈನೂರು.

ನನಗೆ ಸರ್ವೆಯವರ ಚಾಳಿ. ಹೊಸ ನಕ್ಷೆ ಕೊಟ್ಟರೆ ಕೆಳಗಿರುವ ಹಳೇ ದಾಖಲೆ ನೋಡದೆ ನಂಬುವವನಲ್ಲ. ಉಗುರಿನಿಂದ ಚೀಟಿ ಕೆರೆದೆ. ಕೆಳಗೆ ಇನ್ನೊಂದು ಚೀಟಿ. ಅದರಲ್ಲಿ ಎಂಟುನೂರು!

"ಏನ್ರೀ ಇದು? ಎಂಟುನೂರರ ಸೀರೆಗೆ ರಿಯಾಯಿತಿ ಕಳೆದು ಒಂಬೈನೂರಾ?"

"ಅದು ಹೋದ ವರ್ಷದ ರೇಟು ಸಾರ್," ಅಂದ ಅಂಗಡಿಯವನು, ಮುಖದಲ್ಲಿ ಒಂದು ಗೆರೆಯೂ ಕದಲದೆ.

"ಹಾಗಾದ್ರೆ ಹೋದ ವರ್ಷ ರಿಯಾಯಿತಿ ಇಲ್ದೆ ಕೊಂಡವರು ಪುಣ್ಯವಂತರು! ಈ ವರ್ಷ ಬಂದ ನಾವು ಬೆಪ್ಪುಗಳು!" ಎಂದು ಕೂಗಿದೆ. ಸೀರೆ ಹಿಡಿದಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಚೀಟಿ ಕೆರೆಯಲು ಶುರು ಮಾಡಿದರು. "ಬಾರೇ, ಬೇಡ ಇವೆಲ್ಲ, ಹೋಗಣ!" ಎಂದು ನಾನು ಹೊರಗೆ ನಡೆದೇಬಿಟ್ಟೆ.

ಬೀದಿಯಲ್ಲಿ ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಅಂಗಡಿಯವನೇ ಓಡಿ ಬಂದ. "ಸಾರ್, ಸಾರ್! ಆರುನೂರೈವತ್ತಕ್ಕೆ ಕೊಟ್ಟಿದೀನಿ ಅಮ್ಮಾವ್ರಿಗೆ. ನೀವು ದಯವಿಟ್ಟು ಒಳಗೆ ಬರಬೇಡಿ."

ಸೀರೆ ಹಿಡಿದು ಹೊರಗೆ ಬಂದ ನಮ್ಮನೆಯವಳ ಮುಖ ಮದುವೆಯ ದಿನದಲ್ಲೂ ಅಷ್ಟು ಅರಳಿರಲಿಲ್ಲ.

"ಅಲ್ಲಾ ರೀ, ನಿಮ್ಮ ಸಿಟ್ಟಿಗೆ ಇಷ್ಟು ಬೆಲೆ ಇರೋವಾಗ ಇಷ್ಟು ದಿನ ಮನೇಲಿ ಯಾಕೆ ವೇಸ್ಟ್ ಮಾಡಿದ್ರಿ?"

ಅಲ್ಲಿಗೆ ನನ್ನ ಸಿಟ್ಟಿಗೆ ನೌಕರಿ ಸಿಕ್ಕಿತು. ಅವಳು ಸೆರಗನ್ನು ಬಲಗಡೆಗೆ ಎಳೆದುಕೊಂಡರೆ ನಾನು ಸಿಟ್ಟಾಗಬೇಕು. "ಬೇಡ ಇವೆಲ್ಲ, ಹೋಗಣ" ಅಂದು ನಡೆಯಬೇಕು. ಹತ್ತು ಹೆಜ್ಜೆ. ತಿರುಗಿ ನೋಡಬಾರದು. ಆ ದಿನ ಬೆಡ್‌ಶೀಟು, ಚಪ್ಪಲಿ, ಬಕೆಟ್ಟು, ಮೂರೂ ಕಡೆ ಸೆರಗು ಬಲಕ್ಕೆ ಹೋಯಿತು, ಮೂರೂ ಕಡೆ ನಾನು ಬೀದಿಗೆ ಹೋದೆ, ಮೂರೂ ಕಡೆ ರೇಟು ಇಳಿಯಿತು.

ತರೀಕೆರೆಯಲ್ಲಿ ಬಯಲಾದ ಕುಕ್ಕರು

ಒಂದು ಸಣ್ಣ ವಿಷಯ ಹೇಳುವುದು ಬಿಟ್ಟಿದ್ದೆ. ಕಡೂರಿನಲ್ಲಿ ಅವಳು ಚಪ್ಪಲಿ ಹಾಕಿ ನೋಡುತ್ತಿದ್ದಾಗ ನಾನು ಪಕ್ಕದ ಅಂಗಡಿಯಲ್ಲಿ ಎರಡು ಕಾಯಿ ಹೋಳಿಗೆ ಕಟ್ಟಿಸಿಕೊಂಡು ಬ್ಯಾಗಿನ ತಳಕ್ಕೆ ಸೇರಿಸಿದ್ದೆ. ತಿನ್ನಲು ಸಮಯ ಸಿಗಲಿಲ್ಲ. ಮನೆಗೆ ಬಂದು ಎಲ್ಲಿಡುವುದು? ಫ್ರಿಜ್ಜು ಅವಳದು, ಬೀರು ಅವಳದು, ಡಬ್ಬಗಳೆಲ್ಲ ಅವಳವು. ಬಾಗಿಲ ಹತ್ತಿರ ಒಂದು ಹಳೇ ಕುಕ್ಕರ್ ಕೂತಿತ್ತು. ಗ್ಯಾಸ್ಕೆಟ್ ಹೋಗಿ ಸೀಟಿ ಕೂಗುವುದು ಬಿಟ್ಟು ವರ್ಷವಾಗಿತ್ತು. ಅದನ್ನು ಇನ್ಯಾರು ತೆಗೆಯುತ್ತಾರೆ ಎಂದು ಅದರೊಳಗಿಟ್ಟು ಮುಚ್ಚಳ ಬಿಗಿದೆ.

ಭಾನುವಾರ ಬೆಳಿಗ್ಗೆ ಎದ್ದರೆ ಅವಳು ಆ ಕುಕ್ಕರನ್ನೇ ಚೀಲಕ್ಕೆ ಹಾಕುತ್ತಿದ್ದಾಳೆ!

"ಅದು ಎಲ್ಲಿಗೆ?"

"ತರೀಕೆರೆಗೆ. ಹಳೇದು ಕೊಟ್ಟು ಹೊಸದು ತರೋ ಮೇಳ ಐತೆ. ಹೊತ್ಕೊಳ್ಳಿ."

ಬಸ್ಸಿನಲ್ಲಿ ತೊಡೆಯ ಮೇಲೆ ಅದನ್ನಿಟ್ಟುಕೊಂಡು ಕೂತೆ. ಮುಚ್ಚಳ ತೆಗೆಯಲು ಎರಡು ಸಲ ನೋಡಿದೆ. ಎರಡೂ ಸಲ, "ಅದ್ಯಾಕೆ ಅದನ್ನ ಸವರ್ತಾ ಇದೀರಿ, ಅಷ್ಟು ಬೇಜಾರಾ ಕೊಡೋಕೆ?" ಅಂದಳು.

ತರೀಕೆರೆಯ ಪಾತ್ರೆ ಅಂಗಡಿಯಲ್ಲಿ ಜಾತ್ರೆಯಷ್ಟು ಜನ. ಅಂಗಡಿಯವನು ಕುಕ್ಕರನ್ನು ತಕ್ಕಡಿಗೆ ಇಟ್ಟು, ಮುಚ್ಚಳ ಎತ್ತಿದ. ಎತ್ತಿದವನು ಹಾಗೇ ನಿಂತ. ತುಪ್ಪದ ಪರಿಮಳ ಎದ್ದಿತು.

"ಸಾರ್," ಅಂದ, ಎಲ್ಲರಿಗೂ ಕೇಳುವ ಹಾಗೆ, "ಎಕ್ಸ್‌ಚೇಂಜು ಕುಕ್ಕರಿಗೆ ಮಾತ್ರ. ಹೋಳಿಗೆಗೆ ಇಲ್ಲ."

ಅಂಗಡಿಗೆ ಅಂಗಡಿಯೇ ನಕ್ಕಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಗಿರಾಕಿ ಪಾತ್ರೆ ಕೇಳದೆ ತೆಗೀಬೋದೇನ್ರೀ? ಯಾವ ರೂಲ್ಸು ಇದು?" ಎಂದು ಹಾರಾಡಿದೆ. ಅವನು ಹೆದರಿ ಹೊಸ ಕುಕ್ಕರಿಗೆ ಇನ್ನೂ ನೂರು ಇಳಿಸಿದ. ನಮ್ಮನೆಯವಳು ಆ ನೂರನ್ನು ಸಂತೋಷದಿಂದ ಉಳಿಸಿಕೊಂಡು, ಹೋಳಿಗೆಯನ್ನು ಅಲ್ಲೇ ಬಾಗಿಲಲ್ಲಿದ್ದ ಒಬ್ಬ ಅಜ್ಜಿಗೆ ಕೊಟ್ಟು, ನನ್ನ ಕಡೆ ತಿರುಗಿದಳು.

"ಒಪ್ಪಂದ ಮುರಿದ್ರಿ."

"ಒಪ್ಪಂದ ಎಣ್ಣೇದು ಕಣೇ. ಇದು ತುಪ್ಪ!"

"ಆಯ್ತು. ನಿಮ್ಮ ಮೆಣಸಿನಕಾಯಿ ಪ್ಲೇಟಿಗೂ ಈಗ ಆಷಾಢ. ಫಿಫ್ಟಿ ಪರ್ಸೆಂಟ್ ಆಫ್."

ಯಾರೂ ಕರೆಯಲಿಲ್ಲ

ಬಸ್ ಸ್ಟ್ಯಾಂಡ್ ಮುಂದೆ ಒಬ್ಬ ಹೆಂಗಸು ಕಳಲೆ ಇಟ್ಟುಕೊಂಡು ಕೂತಿದ್ದಳು. ಮಳೆಗಾಲದ ಎಳೇ ಬಿದಿರಿನ ಕಳಲೆ, ಹೆಚ್ಚಿ ನೀರಿನಲ್ಲಿ ನೆನೆಹಾಕಿದ್ದು. ಅದರ ಪಲ್ಯ ಅಂದರೆ ನನಗೆ ಪ್ರಾಣ, ಅದಕ್ಕೆ ಡಾಕ್ಟರ ಅಡ್ಡಿಯೂ ಇಲ್ಲ. ಐವತ್ತು ರೂಪಾಯಿ ಅಂದಳು. ನಾನು ಜೇಬಿಗೆ ಕೈ ಹಾಕಿದೆ. ನೋಡುತ್ತೇನೆ, ನಮ್ಮನೆಯವಳ ಸೆರಗು ಬಲಕ್ಕೆ ಹೋಯಿತು.

ಏನು ಮಾಡಲಿ? "ಬೇಡ ಇವೆಲ್ಲ, ಹೋಗಣ!" ಎಂದು ಗುಡುಗಿ ನಡೆದೆ. ಅವಳೂ ಬಂದಳು. ಹತ್ತು ಹೆಜ್ಜೆಯಾಯಿತು. ಕರೆಯಲಿಲ್ಲ. ಇಪ್ಪತ್ತಾಯಿತು. ಕರೆಯಲಿಲ್ಲ. ತಿರುಗಿ ಹೋದರೆ ಮರ್ಯಾದೆ ಹೋಗುತ್ತದೆ. ಕೊನೆಗೆ ಬಸ್ ಸ್ಟ್ಯಾಂಡನ್ನು ಒಂದು ಪ್ರದಕ್ಷಿಣೆ ಹಾಕಿ, ಈಗಷ್ಟೇ ಊರಿಗೆ ಬಂದಿಳಿದವರ ಹಾಗೆ ಇನ್ನೊಂದು ಕಡೆಯಿಂದ ಆ ಹೆಂಗಸಿನ ಮುಂದೆ ಬಂದು ನಿಂತೆವು.

"ಏನಮ್ಮಾ, ಕಳಲೆ ಎಷ್ಟು?" ಎಂದು ನಮ್ಮನೆಯವಳು ಹೊಸಬಳ ಹಾಗೆ ಕೇಳಿದಳು.

"ನೀವು ಹೋಗುವಾಗ ಐವತ್ತು ಇತ್ತು ಕಣಕ್ಕಾ," ಅಂದಳು ಆಕೆ, ತಲೆ ಎತ್ತದೆ. "ಬರೋವಾಗ ಅರವತ್ತಾಯ್ತು. ಅಣ್ಣಾರನ್ನ ಇನ್ನೊಂದು ಸುತ್ತು ಕಳಿಸ್ಬೇಡಿ, ಎಪ್ಪತ್ತಾಗುತ್ತೆ."

ಪುಕ್ಕಟೆ ಬಸ್ಸು

ಗಂಟೆ ಐದೂಕಾಲು. ಅಜ್ಜಂಪುರಕ್ಕೆ ಖಾಸಗಿ ಬಸ್ಸು ಬಂತು. ಹತ್ತಲು ಹೋದೆ, ಅವಳು ಅಂಗಿ ಹಿಡಿದು ಎಳೆದಳು. "ಸರ್ಕಾರಿ ಬಸ್ಸಲ್ಲಿ ನನಗೆ ಫ್ರೀ."

"ನನಗೆ ಯಾವುದರಲ್ಲೂ ಫ್ರೀ ಇಲ್ವಲ್ಲೇ! ಅಲ್ಲಿ ಬಾಣಲೆ ಇಳಿಸ್ತಾನೆ ಕಣೇ ಅವನು!"

ಎರಡು ಬಸ್ಸು ಬಿಟ್ಟೆವು. ಎರಡು ಕೈಯಲ್ಲಿ ನಾಲ್ಕು ಚೀಲ, ಕಂಕುಳಲ್ಲಿ ಕುಕ್ಕರು. ಸರ್ಕಾರಿ ಬಸ್ಸು ಬಂದಾಗ ಆರು ಗಂಟೆ. ಅದರಲ್ಲಿ ಅವಳಿಗೆ ಸೀಟು, ಕುಕ್ಕರಿಗೆ ಅವಳ ಪಕ್ಕದ ಸೀಟು. ಟಿಕೆಟ್ ತೆಗೆದುಕೊಂಡು ಬಂದವನು ನಾನೊಬ್ಬನೇ, ನಿಂತುಕೊಂಡು ಬಂದವನೂ ನಾನೊಬ್ಬನೇ.

ಹತ್ತು ಹೆಜ್ಜೆ

ಅಜ್ಜಂಪುರದಲ್ಲಿ ಇಳಿದಾಗ ಏಳಕ್ಕೆ ಹತ್ತು ನಿಮಿಷ. ಓಡಿದೆ. ಕುಕ್ಕರ್ ಸಮೇತ ಓಡಿದೆ. ಗಾಡಿಯವನು ಸ್ಟವ್ ಆರಿಸುತ್ತಿದ್ದ.

"ಐತೇನಪ್ಪಾ?"

"ಒಂದೇ ಒಂದು ಪ್ಲೇಟ್ ಐತೆ ಸಾರ್. ಬಿಸಿ ಐತೆ. ಬನ್ನಿ."

ಹಿಂದಿನಿಂದ ಏದುಸಿರು ಬಿಡುತ್ತ ಬಂದ ನಮ್ಮನೆಯವಳು, "ಅರ್ಧ ಪ್ಲೇಟ್ ಕೊಡಪ್ಪ," ಅಂದಳು.

"ಅರ್ಧ ಇಲ್ಲ ಕಣಮ್ಮ. ಉಳಿದ ಅರ್ಧ ನಾನು ಯಾರಿಗೆ ಮಾರ್ಲಿ?"

ನನ್ನ ಎದೆ ಹಿಗ್ಗಿತು. ಪೂರ್ತಿ ಪ್ಲೇಟು! ಅವನು ಮಂಡಕ್ಕಿ ಕಲಸಿದ, ಮೂರು ಮೆಣಸಿನಕಾಯಿ ಇಟ್ಟ, ಮೇಲೆ ಈರುಳ್ಳಿ ಉದುರಿಸಿದ. ನನ್ನ ಬಾಯಲ್ಲಿ ನೀರು ತುಂಬಿತು.

"ಎಷ್ಟು?" ಅಂದಳು ಅವಳು.

"ನಲವತ್ತು."

"ಅಂಗಡಿ ಮುಚ್ಚೋ ಹೊತ್ತಲ್ಲೂ ನಲವತ್ತಾ?" ಅಂದಳು. ಅಂದವಳ ಸೆರಗು ಗಾಳಿಗೋ, ಬೇಕೆಂದೋ, ಬಲಗಡೆಗೆ ಹೋಯಿತು.

ಎರಡು ದಿನದ ಅಭ್ಯಾಸ ನೋಡಿ. ತಲೆ ಬೇಡ ಅನ್ನುವುದರೊಳಗೆ ಬಾಯಿ, "ಬಾರೇ, ಬೇಡ ಇವೆಲ್ಲ, ಹೋಗಣ!" ಎಂದು ಅಬ್ಬರಿಸಿತು. ಕಾಲು ನಡೆಯಲು ಶುರು ಮಾಡಿತು. ಒಂದು, ಎರಡು, ಮೂರು. ಲೆಕ್ಕ ತಪ್ಪದೆ ಹೆಜ್ಜೆ ಹಾಕುವುದೇ ನನ್ನ ಜೀವಮಾನದ ಕಸುಬು. ಎಂಟನೆಯ ಹೆಜ್ಜೆಗೆ ಹೊಳೆಯಿತು: ಅಯ್ಯೋ, ಆ ಪ್ಲೇಟು ನನ್ನದು! ಹತ್ತಕ್ಕೆ ತಿರುಗಿದೆ.

ನಮ್ಮನೆಯವಳು ಬೆಂಚಿನ ಮೇಲೆ ಕೂತು ಮೊದಲನೆಯ ಮೆಣಸಿನಕಾಯಿ ಕಚ್ಚಿ ಆಗಿತ್ತು.

"ಏನೇ ಇದು?"

"ಯಜಮಾನ್ರು ಸಿಟ್ಟಾಗಿ ಹೋದ್ರಲ್ಲ ಅಂತ ಪಾಪ ಐದು ರೂಪಾಯಿ ಬಿಟ್ಟ. ನೀವು ಬೇಡ ಅಂದ್ರಲ್ಲ, ಆರಿಹೋಗುತ್ತೆ ಅಂತ ಶುರು ಮಾಡ್ದೆ."

"ಅದು ನಾಟಕ ಕಣೇ!"

"ಶ್! ಮೆಲ್ಲಗೆ. ನಾಟಕ ಅಂತ ಗೊತ್ತಾದ್ರೆ ಐದು ರೂಪಾಯಿ ವಾಪಸ್ ಕೇಳ್ತಾನೆ. ನೀವು ಸಿಟ್ಟಾಗೇ ನಿಂತಿರಿ."

ನಿಂತೆ. ಐದು ರೂಪಾಯಿಗೋಸ್ಕರ, ನನ್ನ ಕಣ್ಣೆದುರೇ ನನ್ನ ಎರಡನೆಯ ಮೆಣಸಿನಕಾಯಿಯೂ ಹೋಗುವುದನ್ನು ನೋಡುತ್ತ ನಿಂತೆ. ಅಷ್ಟು ನಿಜವಾದ ಸಿಟ್ಟು ಆ ಎರಡು ದಿನದಲ್ಲಿ ಬಂದಿರಲಿಲ್ಲ. ಗಾಡಿಯವನು ನನ್ನ ಮುಖ ನೋಡಿ ಗಾಬರಿಯಾದ. ಮನೆಗೆಂದು ಎತ್ತಿಟ್ಟುಕೊಂಡಿದ್ದ ಬಜ್ಜಿಯಲ್ಲಿ ಒಂದನ್ನು ಕಾಗದದಲ್ಲಿಟ್ಟು ತಂದು, "ತಗಳ್ಳಿ ಸಾರ್. ಐದು ರೂಪಾಯಿಗೆಲ್ಲ ಹೀಗೆ ಬಿ.ಪಿ. ಏರಿಸ್ಕೋಬೇಡಿ," ಅಂದ.

ಬೇಡದವನ ಹಾಗೆ ಇಸಕೊಂಡು ಕಚ್ಚಿದೆ. ಆಹಾ! ಅದರಲ್ಲಿ ಬೀಜ ತೆಗೆದಿರಲಿಲ್ಲ. ಕಿವಿಯಲ್ಲಿ ಹೊಗೆ ಬಂತು. ಕಣ್ಣು ಕೆಂಪಾಗಿ ನೀರು ಸುರಿಯಿತು, ಮೂಗು ಅರಳಿತು, ಹಲ್ಲು ಕಚ್ಚಿ ಬುಸ್ ಬುಸ್ ಅನ್ನತೊಡಗಿದೆ.

ನಮ್ಮನೆಯವಳು ನನ್ನನ್ನೊಮ್ಮೆ ನೋಡಿದಳು. ಸೆರಗನ್ನು ಮೆಲ್ಲಗೆ ಬಲಕ್ಕೆ ಎಳೆದುಕೊಂಡಳು. ಗಾಡಿಯವನ ಕಡೆ ತಿರುಗಿ ನಿಟ್ಟುಸಿರು ಬಿಟ್ಟು, "ನೋಡಪ್ಪಾ, ಇನ್ನೂ ಇಳಿದಿಲ್ಲ ಇವರಿಗೆ. ಒಂದರಲ್ಲಿ ಆಗೋದಲ್ಲ ಇದು," ಅಂದಳು.

ಅವನು ಇನ್ನೊಂದು ತಂದ. ಅವಳು ನನ್ನ ಕಡೆ ಕಣ್ಣು ಮಿಟುಕಿಸಿದಳು. ನೌಕರಿಯಲ್ಲಿದ್ದಷ್ಟು ಕಾಲವೂ ಬಾರದ ಸಿಟ್ಟನ್ನು ನಾನು ಅವತ್ತು, ಹೊಟ್ಟೆಯೊಳಗಿಂದ ನಗು ಉಕ್ಕಿ ಉಕ್ಕಿ ಬರುತ್ತಿದ್ದರೂ, ಮೂರನೆಯ ಮೆಣಸಿನಕಾಯಿ ಕೈಗೆ ಬರುವವರೆಗೆ ಮುಖದಿಂದ ಇಳಿಸಲಿಲ್ಲ.