ಎರಡಿದ್ದರೆ ಸಾಕು

ಗೋಡೆಯ ಮೇಲೆ ಕೆಂಪು ತ್ರಿಭುಜವೊಂದು ಕಂಡೊಡನೆ, ಅದರ ಕೋನಗಳನ್ನು ಕಣ್ಣೆತ್ತಿಯೂ ನೋಡದೆ, ಆ ಮನೆಯವರ ಸಂಸಾರದ ವಿಚಾರ ಆಡಿಕೊಂಡವರಲ್ಲಿ ನೀವೂ ಒಬ್ಬರಲ್ಲವೆ? ಅಲ್ಲವೆನ್ನಬೇಡಿ. 1976ರ ಆ ಭಾನುವಾರ ಬನಶಂಕರಿ ಎರಡನೇ ಹಂತದಲ್ಲಿ ನೀವಿರಲಿಲ್ಲ ಎಂದರೂ, ನಿಮ್ಮಂಥವರು ಬೇಕಾದಷ್ಟು ಮಂದಿ ಇದ್ದರು.

ಗಣಿತದ ಉಪನ್ಯಾಸಕ ಗೌರೀಶಂಕರನ ಮನೆಯನ್ನು ನೋಡಲು ಅಂದು ಸಂಜೆ ಚಿಕ್ಕಪೇಟೆಯ ಜವಳಿ ವ್ಯಾಪಾರಿ ಚನ್ನಬಸವಯ್ಯನವರು ಬರುವವರಿದ್ದರು. ಒಪ್ಪಿಗೆಯಾದರೆ ಮಗಳು ಕಮಲಾದೇವಿಯನ್ನು ಕೊಡುವ ಮಾತು. ಗೌರೀಶಂಕರನಿಗೆ ಮೂವತ್ತಮೂರು ದಾಟಿತ್ತು. ಅವನ ಹಣೆಯೋ, ಊರಂಚಿನ ಬಡಾವಣೆಯ ಹಾಗೆ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ವಿಸ್ತರಿಸುತ್ತಿತ್ತು. ಅದನ್ನು ಕಂಡೊಡನೆ ಹಿಂದಿನ ಸಂಬಂಧಗಳೆಲ್ಲ ಮುರಿದಿದ್ದವು. ಆದ್ದರಿಂದ ಈ ಸಲ ತಾಯಿ ಶಿವಬಸಮ್ಮ ಕಳಿಸಿದ ಫೋಟೊದಲ್ಲಿ ತಕ್ಕಮಟ್ಟಿಗೆ ಕೂದಲಿತ್ತು. “ಹೋದ ಯುಗಾದೀಲಿ ತೆಗೆಸಿದ್ದು” ಎಂದು ಹೇಳಿಕಳಿಸಿದ್ದರು. ಗೌರೀಶಂಕರ ಅದನ್ನು ಕೇಳಿಸಿಕೊಂಡೂ ತಿದ್ದಲಿಲ್ಲ.

ಅತಿಥಿಗಳು ಬರುತ್ತಾರೆಂದು ಕಾಂಪೌಂಡ್ ಗೋಡೆಗೆ ಸುಣ್ಣ ಹೊಡೆಸಿ, ಅಂಚಿಗೆ ಕೆಮ್ಮಣ್ಣು ಬಳಿಸಲಾಗಿತ್ತು. ಬೆಳಿಗ್ಗೆ ಅಂಗಳದಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ವಿಶೇಷ ತರಗತಿ. ಲಾಗರಿದಮ್ ಕೋಷ್ಟಕದ ಎರಡು ಬೆಲೆಗಳ ನಡುವೆ ಅಚ್ಚಾಗದ ಬೆಲೆಯನ್ನು ಕಂಡುಹಿಡಿಯುವುದು ಹೇಗೆ ಎಂಬುದು ಪಾಠ. ಸೂತ್ರ ಎಲ್ಲರಿಗೂ ಬಾಯಿಪಾಠವಿತ್ತು. ಅರ್ಥ ಒಬ್ಬರಿಗೂ ತಿಳಿದಿರಲಿಲ್ಲ. ಅರ್ಥವಿಲ್ಲದ ಬಾಯಿಪಾಠವನ್ನು ಗೌರೀಶಂಕರ ಪಾಪವೆಂದೇ ತಿಳಿದವನು. ಬಿಳಿ ಗೋಡೆಯ ಮೇಲೆ ಸೀಮೆಸುಣ್ಣ ಕಾಣದು. ಉಳಿದಿದ್ದ ಕೆಮ್ಮಣ್ಣಿನಲ್ಲಿ ಬಟ್ಟೆ ಅದ್ದಿ, ರಸ್ತೆಯ ಕಡೆಯ ಗೋಡೆಯ ಮೇಲೆ ಆಳೆತ್ತರದ ತ್ರಿಭುಜವನ್ನೂ, ಅದೇ ಮೂಲೆಯಿಂದ ಹೊರಟು ಅದರ ಒಳಗೇ ಕೂರುವ ಸಣ್ಣ ತ್ರಿಭುಜವನ್ನೂ ಎಳೆದ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ: ‘ಎರಡಿದ್ದರೆ ಸಾಕು. ನಡುವಿನದು ತಾನಾಗಿ ಸಿಗುತ್ತದೆ.’

ವಿದ್ಯಾರ್ಥಿಗಳಿಗೆ ಪಾಠ ತಿಳಿಯಿತು, ಹೋದರು. ಆದರೆ ಅದು ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಸ್ಸಿನ ಬೆನ್ನಿನಿಂದ ಆಸ್ಪತ್ರೆಯ ಬಾಗಿಲಿನವರೆಗೆ ಎಲ್ಲೆಡೆಯೂ ಮೆರೆಯುತ್ತಿದ್ದ ವರ್ಷ. ಸರ್ಕಾರದ ತ್ರಿಕೋನ ತಲೆಕೆಳಗಾಗಿ ನಿಂತಿರುತ್ತದೆ, ಇದು ನೆಟ್ಟಗೆ ಕೂತ ಲಂಬಕೋನ ತ್ರಿಭುಜ ಎಂಬ ವ್ಯತ್ಯಾಸವನ್ನು ಗಮನಿಸುವ ಸಂಯಮ ಆ ಬೀದಿಯಲ್ಲಿ ಯಾರಿಗಿತ್ತು?

ಎದುರುಮನೆಯ ನಾರಾಯಣಮ್ಮ ಗೇಟಿಗೆ ಒರಗಿ ನಿಂತರು. “ಮೇಷ್ಟ್ರೇ, ನಿಮಗಿನ್ನೂ ಮದುವೆನೇ ಆಗಿಲ್ಲ. ಯಾಕ್ರೀ ಈ ಇಲಾಖೆ ಕೆಲ್ಸ?”

“ಇದು ಲೆಕ್ಕ, ನಾರಾಯಣಮ್ನೋರೇ.”

“ಅವರದ್ದೂ ಲೆಕ್ಕಾನೇ ಅಲ್ವೇ. ಎರಡಿದ್ರೆ ಸಾಕು ಅಂತ ಬರ್ದಿದೀರ. ದೊಡ್ಡದರ ಹೊಟ್ಟೆಯೊಳಗೆ ಸಣ್ಣದನ್ನೂ ಇಟ್ಟಿದೀರ. ಆದ್ರೆ ನಡುವಿನದು ತಾನಾಗಿ ಸಿಗತ್ತೆ ಅಂದ್ರೇನ್ರೀ? ಇಲಾಖೆಯೋರು ಹಂಗೆಲ್ಲ ಹೇಳಲ್ಲಪ್ಪ.”

ಅಷ್ಟರಲ್ಲಿ ಹಾಲಿನ ಪಿಳ್ಳಣ್ಣ ಸೈಕಲ್ ನಿಲ್ಲಿಸಿದ. ಮನೆ ತುಂಬ ಮಕ್ಕಳಿರುವ ಮನುಷ್ಯ. “ಸಾ, ಆಪ್ರೇಸನ್ ಮಾಡಿಸ್ಕಂಡ್ರೆ ಟ್ರಾನ್ಸಿಸ್ಟರ್ ಕೊಡ್ತಾರಂತಲ್ಲ. ಮೊದ್ಲು ರೇಡಿಯೋ ತೋರ್ಸಿ, ಆಮ್ಯಾಕೆ ಮಾತಾಡಾಣ.”

“ಇಲ್ಲಿ ರೇಡಿಯೋನೂ ಇಲ್ಲ, ಆಪರೇಷನ್ನೂ ಇಲ್ಲ.”

“ಸ್ಟಾಕು ಮುಗಿದೋಯ್ತಾ? ಮಧ್ಯಾಹ್ನ ಬತ್ತೀನಿ ಬುಡಿ.”

ಗೌರೀಶಂಕರ ಬಿಂದಿಗೆಗಟ್ಟಲೆ ನೀರು ಸುರಿದು ಗೋಡೆ ತಿಕ್ಕಿದ. ಹೊಸ ಸುಣ್ಣ ಇಳಿದುಹೋಯಿತು. ಕೆಮ್ಮಣ್ಣು ಮಾತ್ರ ಬಾಡಿಗೆದಾರನ ಹಾಗೆ ಗಟ್ಟಿಯಾಗಿ ಕೂತಿತು. ಬೇರೆ ದಾರಿ ಕಾಣದೆ ತಾಯಿಯ ಬಿಳಿ ಹೊದಿಕೆ ತಂದು ಗೋಡೆಯ ಮೇಲೆ ಇಳಿಬಿಟ್ಟ.

ಅದೇ ಅನಾಹುತಕ್ಕೆ ದಾರಿಯಾಯಿತು. ಮಧ್ಯಾಹ್ನ ನೆಂಟರೊಡನೆ ಬಂದ ಪಿಳ್ಳಣ್ಣ ಹೊದಿಕೆಯನ್ನು ಕಂಡು ತಲೆಯಾಡಿಸಿದ. “ಪರದೆ ಕಟ್ಟವ್ರೆ. ಡಾಕ್ಟ್ರು ಬಂದಂಗದೆ. ಸಾಲಾಗಿ ನಿಂತ್ಕಳ್ರಪ್ಪ.” ಬೆಂಗಳೂರಿನಲ್ಲಿ ಸಾಲೊಂದು ಹುಟ್ಟಿದರೆ ಸಾಕು, ಯಾತಕ್ಕೆಂದು ಕೇಳದೆಯೇ ಜನ ಹಿಂದೆ ಬಂದು ಸೇರುತ್ತಾರೆ. ಕೊನೆಯಲ್ಲಿದ್ದವರು ಸೀಮೆಎಣ್ಣೆಯೆಂದು ತಿಳಿದು ಡಬ್ಬ ಹಿಡಿದು ನಿಂತಿದ್ದರು.

ಚನ್ನಬಸವಯ್ಯನವರು ಜರಿಪೇಟ ತೊಟ್ಟು ಆಟೋ ಇಳಿದದ್ದು ಆ ಸಾಲಿನ ಎದುರಿಗೇ. “ಇದೇನಮ್ಮ, ಇಷ್ಟು ಜನ?” ಎಂದು ನಾರಾಯಣಮ್ಮನನ್ನು ಕೇಳಿದರು.

“ಕ್ಯಾಂಪು, ಯಜಮಾನ್ರೇ. ನಮ್ಮ ಮೇಷ್ಟ್ರು ಬರೀ ಬಾಯಿಮಾತಿನೋರಲ್ಲ. ಮೊದಲು ತಾವು ಮಾಡಿಸ್ಕೊಂಡೇ ಬೇರೆಯೋರಿಗೆ ಹೇಳ್ತಿರಬೇಕು. ಆದರ್ಶ ಅಂದ್ರೆ ಅದು.”

ಚನ್ನಬಸವಯ್ಯನವರ ಮುಖ ಹಿಂಡಿದ ಬಟ್ಟೆಯಂತಾಯಿತು. “ಮದುವೆಗೆ ಮುಂಚೇನೇ?” ಎಂದವರೇ ಆಟೋದವನನ್ನು ಕೂಗಿದರು.

ಗೌರೀಶಂಕರ ಓಡಿಬಂದು ಹೊದಿಕೆಯನ್ನು ಕಿತ್ತೆಸೆದ. “ನಿಂತ್ಕೊಳ್ಳಿ ಯಜಮಾನ್ರೇ. ಇದು ಪಾಠ. ಅರ್ಥ ಆಗೋ ಹಂಗೆ ಹೇಳ್ತೀನಿ, ಆಗದಿದ್ರೆ ಹೊರಡಿ. ಈ ತುದಿ ಗೊತ್ತು, ಆ ತುದಿ ಗೊತ್ತು. ಎರಡಕ್ಕೂ ಸೇರಿಸಿ ದಾರ ಎಳೆದ್ರೆ ಕೆಳಗೆ ದೊಡ್ಡ ತ್ರಿಭುಜ. ಮೂಲೆಯಿಂದ ಮೂರರಲ್ಲಿ ಒಂದು ಪಾಲು ದೂರ ಬಂದು ಒಂದು ಕೋಲು ನಿಲ್ಸಿ, ಸಣ್ಣ ತ್ರಿಭುಜ ಆಯ್ತು. ಎರಡಕ್ಕೂ ಮೂಲೆ ಒಂದೇ, ರೂಪ ಒಂದೇ. ದೂರ ಮೂರರಲ್ಲಿ ಒಂದು ಪಾಲಾದ್ರೆ, ಎತ್ತರಾನೂ ಮೂರರಲ್ಲಿ ಒಂದು ಪಾಲು. ಅಳೀಬೇಕಾಗೇ ಇಲ್ಲ.”

ಚನ್ನಬಸವಯ್ಯನವರು ಗೋಡೆಯನ್ನು ಹೊಸ ಬಟ್ಟೆಯ ಥಾನಿನ ಹಾಗೆ ಸವರಿ ನೋಡಿದರು. “ಎತ್ತರ ಗೊತ್ತಿದ್ರೆ ದೂರ ಹೇಳ್ಬಹುದೋ?”

“ಹೇಳ್ಬಹುದು. ಅದೇ ಲೆಕ್ಕಾನ ತಿರುಗಿಸಿ ಹಾಕಿದ್ರಾಯ್ತು.”

“ಭೇಷ್. ನಮ್ಮ ಕಾಲದ ಮೇಷ್ಟ್ರು ಬರೀ ಬೆತ್ತದಲ್ಲಿ ಹೇಳ್ತಿದ್ರು. ಈಗ ತಲೆಗೆ ಹತ್ತಿತು ನೋಡಿ.”

ಸಾಲು ಕರಗಿತು. ಪಿಳ್ಳಣ್ಣ ಮಾತ್ರ, “ರೇಡಿಯೋ ಬಂದಾಗ ಯೋಳಿ ಸಾ” ಎಂದು ಹೋದ.

ಒಳಗೆ ಉಪ್ಪಿಟ್ಟು, ಕಾಫಿ ಬಂದವು. “ಫೋಟೊದಲ್ಲಿ ಇನ್ನೊಂದಿಷ್ಟು ಕೂದಲಿತ್ತಲ್ಲಮ್ಮ” ಎಂದರು ಚನ್ನಬಸವಯ್ಯನವರು, ನಗುತ್ತಲೇ.

“ಈ ವರ್ಷ ಪೇಪರ್ ತಿದ್ದೀ ತಿದ್ದೀ ಉದುರಿಹೋಯ್ತು” ಎಂದರು ಶಿವಬಸಮ್ಮ.

ಹೊಸ ವಿದ್ಯೆ ಕಲಿತವನ ಕೈ ಸುಮ್ಮನಿರದು. ಗೋಡೆಗೆ ತೂಗುಹಾಕಿದ್ದ ಗೌರೀಶಂಕರನ ಪದವಿಯ ಫೋಟೊದ ಮುಂದೆ ನಿಂತು, ಚನ್ನಬಸವಯ್ಯನವರು ಬಟ್ಟೆ ಅಳೆದು ಪಳಗಿದ ಕಣ್ಣಲ್ಲಿ ಅಂದಾಜು ಮಾಡಿದರು. “ಅರವತ್ನಾಲ್ಕನೇ ಇಸವಿ. ಹಣೆ ಎರಡು ಬೆರಳು.” ಭಾವೀ ಅಳಿಯನ ಹಣೆಯ ಮೇಲೆ ಕೈಯಿಟ್ಟರು. “ಈಗ ಎಪ್ಪತ್ತಾರು. ಐದು ಬೆರಳು.” ಜೇಬಿನಿಂದ ಶಿವಬಸಮ್ಮ ಕಳಿಸಿದ್ದ ಫೋಟೊ ತೆಗೆದರು. “ಇಲ್ಲಿ ಮೂರು. ಅಂದ್ರೆ ಏರಿರೋದು ಮೂರರಲ್ಲಿ ಒಂದು ಪಾಲು. ಹನ್ನೆರಡು ವರ್ಷದಲ್ಲಿ ಮೂರರಲ್ಲಿ ಒಂದು ಪಾಲು, ನಾಲ್ಕು. ಫೋಟೊ ತೆಗೆಸಿದ್ದು ಅರವತ್ತೆಂಟರಲ್ಲಿ. ಸರಿಯೇನಪ್ಪ?”

ಸರಿಯುತ್ತರಕ್ಕೆ ತಪ್ಪು ಗುರುತು ಹಾಕಿದವನಲ್ಲ ಗೌರೀಶಂಕರ. “ಸರಿ” ಎಂದುಬಿಟ್ಟ.

“ಅರವತ್ತೆಂಟೇ. ಇವನ ತಂಗಿ ಮದುವೇಲಿ ತೆಗೆದದ್ದು” ಎಂದು ಶಿವಬಸಮ್ಮನ ಬಾಯಿಂದಲೂ ಬಂದುಹೋಯಿತು.

ಚನ್ನಬಸವಯ್ಯನವರು ಜರಿಪೇಟ ತೆಗೆದರು. ಒಳಗೆ ತೊಳೆದಿಟ್ಟ ತಂಬಿಗೆಯಂಥ ತಲೆ. “ಬೋಳಾದ್ರೆ ನನಗೇನೂ ಅಡ್ಡಿ ಇರ್ಲಿಲ್ಲಪ್ಪ. ಹಳೇ ಮಾಲಿಗೆ ಹೊಸ ಚೀಟಿ ಅಂಟಿಸೋದು ಮಾತ್ರ ನಮ್ಮ ಅಂಗಡೀಲಿ ನಡೆಯಲ್ಲ. ಪಾಠ ಬಹಳ ಚೆನ್ನಾಗಿ ಹೇಳ್ಕೊಡ್ತೀರಿ. ಬರ್ತೀನಿ.”

ಗೌರೀಶಂಕರನ ಸಂಬಂಧವನ್ನು ಕೆಡಿಸಿದ್ದು ಬೀದಿಯ ಅಜ್ಞಾನವಲ್ಲ, ಮನೆಯೊಳಗಿನ ಸಣ್ಣ ಸುಳ್ಳು. ಅದನ್ನು ನಾನು ಸಮರ್ಥಿಸಲಾರೆ. ಆದರೂ ಅವನು ಒಳ್ಳೆಯ ಮೇಷ್ಟ್ರು. ಆದ್ದರಿಂದ ಓದುಗರೇ, ನಿಮ್ಮ ಬಳಗದಲ್ಲಿ ಲೆಕ್ಕದ ಗಂಧವಿಲ್ಲದ ಮನೆತನದ ಕನ್ಯೆ ಯಾರಾದರೂ ಇದ್ದರೆ ದಯವಿಟ್ಟು ಶಿವಬಸಮ್ಮನವರಿಗೆ ತಿಳಿಸಿ. ಈ ಸಲ ಹೊಸ ಫೋಟೊವನ್ನೇ ಕಳಿಸುತ್ತಾರೆ. ತುಸು ಬೇಗ ತಿಳಿಸಿ. ಹಣೆ ಆರನೆಯ ಬೆರಳಿಗೆ ಬರುತ್ತಿದೆ.