ಪಟ್ಟದ ರಾಜನ ಮುಖ ಮತ್ತು ಪಕ್ಕದ ಮನೆಯ ಯೋಸ್

ಒಬ್ಬ ಮನುಷ್ಯನಿಗೆ ಒಂದು ಕೆಲಸ ಎಂಬುದು ನಮ್ಮ ಮನೆತನದ ನಂಬಿಕೆ. ನನ್ನ ತಂದೆ ಮೈಸೂರಿನ ಒಂದೇ ಕಚೇರಿಯಲ್ಲಿ, ಒಂದೇ ಕುರ್ಚಿಯಲ್ಲಿ ಕೂತು ನಿವೃತ್ತರಾದರು. ಕುರ್ಚಿಯ ಬೆತ್ತ ಮಾತ್ರ ಮೂರು ಸಲ ಬದಲಾಯಿತು. ನಾನೂ ಸಿಡ್ನಿಗೆ ಬಂದಾಗಿನಿಂದ ನೀರಿನ ಪೈಪುಗಳ ಎಂಜಿನಿಯರ್. ಯಾರಾದರೂ ‘ಏನು ಮಾಡ್ಕೊಂಡಿದೀರಿ?’ ಎಂದರೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಕೇಳಿದವರಿಗೂ ನೆಮ್ಮದಿ, ನನಗೂ ನೆಮ್ಮದಿ. ತೊಂಬತ್ತರ ದಶಕದ ಆರಂಭದಲ್ಲಿ ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿ ಮನೆ ಕೊಂಡ ಹೊಸತರಲ್ಲಿ, ಪಕ್ಕದ ಮನೆಯ ಮುದುಕ ಯೋಸ್‌ಗೆ ಬೇಲಿಯ ಮೇಲಿಂದ ಇದೇ ಪ್ರಶ್ನೆ ಹಾಕಿದೆ. ಉತ್ತರ ಮುಗಿಯುವಷ್ಟರಲ್ಲಿ ಒಲೆಯ ಮೇಲೆ ನಾನಿಟ್ಟು ಬಂದಿದ್ದ ಹಾಲು ಪೂರ್ತಿ ಉಕ್ಕಿ ಹೋಗಿತ್ತು.

ಯೋಸ್ ಬೆಲ್ಜಿಯಂನವನು, ಅಲ್ಲಿಯ ಡಚ್ ಮಾತಾಡುವ ಫ್ಲೆಮಿಶ್ ಜನ. ಆಂಟ್‌ವರ್ಪ್ ಊರಿನಲ್ಲಿ ಕಾಮಿಕ್ಸ್ ಬರೆಯುವ ಒಂದು ಸ್ಟುಡಿಯೋ ಸೇರಿ, ಮೊದಲ ಎರಡು ವರ್ಷ ಬರೀ ಹೊಗೆ ಬರೆದನಂತೆ. ಚಿಮಣಿಯ ಹೊಗೆ, ರೈಲಿನ ಹೊಗೆ, ಹಡಗಿನ ಹೊಗೆ. ಮುಖ ಬರೆಯುವ ಭಾಗ್ಯ ಹಿರಿಯರದು. ಆಮೇಲೆ ಬಡ್ತಿ ಸಿಕ್ಕಿ ಪಾತ್ರಗಳ ಬೂಟು ಬರೆದ. ಕಡೆಗೊಂದು ದಿನಪತ್ರಿಕೆಯಲ್ಲಿ ತನ್ನದೇ ಪಾತ್ರ ಶುರುಮಾಡಿದ: ಸೈಕಲ್ ಮಾತು ಕೇಳದ ಒಬ್ಬ ದಪ್ಪ ಪೋಸ್ಟ್‌ಮನ್, ದಿನಕ್ಕೆ ಮೂರು ಚೌಕ. ಪತ್ರಿಕೆ ಮುಚ್ಚಿತು, ಪೋಸ್ಟ್‌ಮನ್ನನೂ ಹೋದ. ಆಮೇಲೆ ಬಿಸ್ಕತ್ತಿನ ಡಬ್ಬಗಳ ಮುಚ್ಚಳದ ಮೇಲೆ ಹೂವು, ಇಗರ್ಜಿಯ ಸಂತರ ಕಿತ್ತುಹೋದ ಕೆನ್ನೆಗೆ ಬಣ್ಣ, ಡಾಕ್ಟರರ ಪುಸ್ತಕಕ್ಕೆ ಯಕೃತ್ತು, ಮೂತ್ರಪಿಂಡ. ಹಡಗು ಹತ್ತಿ ಮೆಲ್ಬರ್ನ್‌ಗೆ ಬಂದು ಟ್ರಾಮುಗಳ ಮೈಮೇಲೆ ಸೋಪಿನ ಜಾಹೀರಾತು, ನಾಟಕದ ಪರದೆಯ ಮೇಲೆ ಕಾಡು. ಸಿಡ್ನಿಗೆ ಬಂದ ಮೇಲೆ ಕೋರ್ಟು. ಅಲ್ಲಿ ಕ್ಯಾಮೆರಾ ಬಿಡುವುದಿಲ್ಲ. ಪತ್ರಿಕೆಗಳಿಗಾಗಿ ಆರೋಪಿಯ ಚಿತ್ರವನ್ನು ಕೂತಲ್ಲೇ, ಅವನಿಗೆ ಗೊತ್ತಾಗದ ಹಾಗೆ ಬರೆಯಬೇಕು. ಬೆಳಿಗ್ಗೆ ಆರೋಪಿ, ಮಧ್ಯಾಹ್ನ ಮಾಂಸದಂಗಡಿಯ ಗಾಜಿನ ಮೇಲೆ ನಗುವ ಹಂದಿ.

“ಇಷ್ಟೆಲ್ಲದರಲ್ಲಿ ನಿನ್ನ ನಿಜವಾದ ಕೆಲಸ ಯಾವುದು?” ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, “ಬೆಳಿಗ್ಗೆ ಮೊದಲು ಯಾರು ಫೋನ್ ಮಾಡ್ತಾರೋ ಅದು” ಎಂದ. ನಾನು ಒಳಗೆ ಬಂದು ಹೆಂಡತಿ ಸರೋಜಳಿಗೆ, “ಪಾಪ ಕಣೇ, ಈ ವಯಸ್ಸಿಗೂ ಎಲ್ಲೂ ಪರ್ಮನೆಂಟ್ ಆಗಿಲ್ಲ” ಎಂದೆ. ಆ ಮಾತನ್ನು ಇವತ್ತು ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಒಂದು ಡಿಶ್‌ವಾಷರ್ ಇತ್ತು, ಮನೆಯ ಜೊತೆಗೇ ಬಂದದ್ದು. ನಮ್ಮವರೆಲ್ಲರ ಮನೆಯಂತೆ ನಮ್ಮಲ್ಲೂ ಅದು ರಾಗಿಹಿಟ್ಟು, ಉದ್ದಿನಬೇಳೆಗಳ ಬೀರುವಾಗಿತ್ತು. ಪಾತ್ರೆ ತೊಳೆಯಲು ಸರೋಜಳ ಕೈಗಳಿದ್ದವು, ಅಪರೂಪಕ್ಕೆ ನನ್ನವು. ಆ ವರ್ಷ ನವರಾತ್ರಿಗೆ ನಾಲ್ಕು ದಿನ ಮುಂಚೆ ಅವಳು ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದಿಟ್ಟು ಅಂಗಡಿಗೆ ಹೋಗಿದ್ದಳು. ರಕ್ತಚಂದನದ ರಾಜ, ರಾಣಿ; ತೀರಿಕೊಂಡ ಅವಳ ಅಮ್ಮನ ಮದುವೆಯ ಗೊಂಬೆಗಳು. ಎಷ್ಟೋ ವರ್ಷಗಳ ಆರತಿಯ ಮಸಿ, ಎಣ್ಣೆಜಿಡ್ಡು ಮೆತ್ತಿಕೊಂಡಿತ್ತು. ಅವಳು ಬರುವಷ್ಟರಲ್ಲಿ ಫಳಫಳ ಹೊಳೆಯುವಂತೆ ಮಾಡಿ ಮೆಚ್ಚಿಸಬೇಕೆಂದು ನನಗೆ ಬುದ್ಧಿ ಬಂತು. ಎಂಜಿನಿಯರಲ್ಲವೇ? ರಾಗಿಹಿಟ್ಟಿನ ಡಬ್ಬ ಈಚೆ ತೆಗೆದು, ದಂಪತಿಗಳನ್ನು ಒಳಗೆ ನಿಲ್ಲಿಸಿ, ಪುಡಿ ಹಾಕಿ, ಗುಂಡಿ ಒತ್ತಿದೆ.

ಸರೋಜ ಬಂದು ಬಾಗಿಲು ತೆಗೆದಾಗ ತಳದಲ್ಲಿ ಕೆಂಪು ನೀರು ನಿಂತಿತ್ತು. ಗೊಂಬೆಗಳು ನಿಜಕ್ಕೂ ತುಂಬ ಚೊಕ್ಕಟವಾಗಿದ್ದವು. ಅವಳು ಎರಡನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, “ರೀ, ಇವರ ಮುಖ ಎಲ್ಲಿ?” ಎಂದಳು. ಅದಾದ ಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು. ಶನಿವಾರ ಮೆಲ್ಬರ್ನ್‌ನ ಕ್ಲೇಟನ್‌ನಿಂದ ಅವಳ ತಂಗಿ ವತ್ಸಲ ಬರುವವಳಿದ್ದಳು, ಅಮ್ಮನ ಗೊಂಬೆ ನೋಡಲೆಂದೇ. ಅಮ್ಮನನ್ನು ಕಡೆಗಾಲದಲ್ಲಿ ನೋಡಲು ಅವಳಿಗೆ ಆಗಿರಲಿಲ್ಲ. ಈ ಮಾತನ್ನು ಸರೋಜ ನನಗೆ ನೆನಪಿಸಲೂ ಇಲ್ಲ, ಸುಮ್ಮನೆ ಅಡುಗೆಮನೆಯಲ್ಲಿ ನಿಂತು ಅತ್ತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗೊಂಬೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಯೋಸ್‌ನ ಬಾಗಿಲು ತಟ್ಟಿದೆ. ಅವನು ಮರವನ್ನು ಮೂಸಿ, ಬೆರಳಿನಿಂದ ತಡವಿ, ಏನಾಯಿತೆಂದು ಕೇಳದೆ, “ಇವರು ಎಂಥ ಜನ?” ಎಂದ. ರಾಜ, ರಾಣಿ ಎಂದೆ. “ಅದು ಅವರ ಕೆಲಸ. ಎಂಥ ಜನ ಅಂತ ಕೇಳಿದ್ದು” ಎಂದ. ನನಗೆ ತಿಳಿಯಲಿಲ್ಲ. ಹೋಗಿ ಸರೋಜಳನ್ನು ಕರೆದುಕೊಂಡು ಬಂದೆ. ಇದ್ದ ಒಂದು ಹಳೆಯ ಫೋಟೋದಲ್ಲಿ ಗೊಂಬೆಗಳು ಉಗುರಿನಷ್ಟಿದ್ದವು, ಪಕ್ಕದಲ್ಲಿ ಅಮ್ಮ ಕೂತಿದ್ದರು. ಯೋಸ್ ಗೊಂಬೆ ಬಿಟ್ಟು ಅಮ್ಮನ ಬಗ್ಗೆ ಕೇಳಿದ. ಸರೋಜ ಹೇಳುತ್ತಾ ಹೋದಳು: ಅಮ್ಮ ನಗು ತಡೆದುಕೊಳ್ಳುವಾಗ ಎಡಗಡೆಯ ತುಟಿ ಮಾತ್ರ ಹೇಗೆ ಮೇಲೇಳುತ್ತಿತ್ತು, ಪ್ರತಿ ವರ್ಷ ರಾಣಿಗೆ ತಾನೇ ಕಾಡಿಗೆ ತೀಡುತ್ತ ಅವಳ ಜೊತೆ ಹೇಗೆ ಮಾತಾಡುತ್ತಿದ್ದರು, ಎಲ್ಲ.

ಮಾತು ಕೇಳುತ್ತಲೇ ಅವನು ಕೆಲಸ ಶುರುಮಾಡಿದ್ದ. ಆ ಮಧ್ಯಾಹ್ನ ನಾನು ಕಂಡದ್ದನ್ನು ಹೇಗೆ ಹೇಳಲಿ? ಸಂತರ ಕೆನ್ನೆ ರಿಪೇರಿ ಮಾಡಿದವನು ಮರದ ಬಿರುಕುಗಳನ್ನು ಮುಚ್ಚಿದ. ಬಿಸ್ಕತ್ತಿನ ಡಬ್ಬದವನು ಸೆರಗಿನಂಚಿಗೆ ಬಳ್ಳಿ ಹಬ್ಬಿಸಿದ. ಮೂತ್ರಪಿಂಡ ಬರೆದವನಿಗೆ ಕೆನ್ನೆಯ ಕೆಳಗೆ ಮೂಳೆ ಎಲ್ಲಿದೆಯೆಂದು ಗೊತ್ತಿತ್ತು. ಪೋಸ್ಟ್‌ಮನ್ನನ ಅಪ್ಪ ಒಂದೇ ಗೆರೆಯಲ್ಲಿ ಹುಬ್ಬು ಎಳೆದ. ಅವನು ಮಾಡಿದ ಒಂದು ಕೆಲಸವೂ ಪೋಲಾಗಿರಲಿಲ್ಲ. ಎಲ್ಲವೂ ಆ ದಪ್ಪ ಬೆರಳುಗಳಲ್ಲಿ ಸರದಿಗಾಗಿ ಕಾದು ಕೂತಿದ್ದವು. ಕಡೆಗೆ ರಾಣಿಯ ತುಟಿಯ ಎಡತುದಿಗೆ ಕೂದಲಿನಷ್ಟು ಸಣ್ಣ ಗೆರೆ ಎಳೆದ. ಸರೋಜ ಮಾತು ನಿಲ್ಲಿಸಿಬಿಟ್ಟಳು. ನನಗೆ ಕೈಮುಗಿಯಬೇಕೆನಿಸಿತು, ಯಾರಿಗೆಂದು ತಿಳಿಯದೆ ಸುಮ್ಮನೆ ನಿಂತೆ. ಆಮೇಲೆ ಅವನು ರಾಜನನ್ನು ಎತ್ತಿಕೊಂಡ. ಅವನ ಬಗ್ಗೆ ಹೇಳಲು ಸರೋಜಳಿಗೂ ಏನೂ ಇರಲಿಲ್ಲ. ಪರವಾಗಿಲ್ಲ ಎಂದು ಯೋಸ್ ಕನ್ನಡಕದ ಮೇಲಿಂದ ಎರಡು ಸಲ ನನ್ನ ಕಡೆ ನೋಡಿ, ಕುಂಚ ಅದ್ದಿದ. ಮೀಸೆಯ ಅಳತೆ ನೋಡುತ್ತಿದ್ದಾನೆ ಎಂದುಕೊಂಡೆ.

ವಿಷಯವನ್ನು ವತ್ಸಲಳಿಗೆ ಹೇಳುವುದು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಅಂದರೆ, ಸರೋಜ ಮತ್ತೆ ಮಾತಾಡಲು ಶುರುಮಾಡಿದ್ದಳು. ಶನಿವಾರ ವತ್ಸಲ ಬಂದು, ಚಪ್ಪಲಿ ಬಿಟ್ಟವಳೇ ಗೊಂಬೆಗಳ ಮುಂದೆ ಹೋಗಿ ನಿಂತಳು. ಬಗ್ಗಿ ರಾಣಿಯ ಮುಖವನ್ನು ಹತ್ತಿರದಿಂದ ನೋಡಿದಳು. “ಅಕ್ಕ, ಚಿಕ್ಕವಳಾಗಿದ್ದಾಗ ನಾನಿದನ್ನ ಸರಿಯಾಗಿ ನೋಡೇ ಇಲ್ಲ ನೋಡು. ಥೇಟ್ ಅಮ್ಮ” ಎಂದು ಕಣ್ಣೊರೆಸಿಕೊಂಡಳು. ಸರೋಜ ಅವಳ ಹೆಗಲು ಹಿಡಿದುಕೊಂಡಳು. ನನ್ನ ಎದೆಯ ಮೇಲಿನ ಭಾರ ಇಳಿಯಿತು.

ಆಗ ಅವಳು ರಾಜನ ಕಡೆ ತಿರುಗಿದಳು. ಪಟ್ಟದ ಪೇಟ, ಚೂಪು ಮೀಸೆ, ಅದರ ಕೆಳಗೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಬಾಯಿ. ರಾಣಿಯ ಕಡೆ ನೋಡಲೂ ಆಗದೆ, ಬೇರೆ ಕಡೆ ನೋಡಲೂ ಧೈರ್ಯವಿಲ್ಲದೆ ವಾರೆಯಾಗಿ ನಿಂತ ಕಣ್ಣು. ವತ್ಸಲ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು.

“ಭಾವ,” ಎಂದಳು, “ಏನು ಮಾಡಿದ್ರಿ?”